ವೇಷವೆಂದು ಗೊತ್ತಿದ್ದರೂ ಕಣ್ಣೀರೇಕೆ?

ಪ್ರಶ್ನೆ: ಕಲೆಯೆಂದರೆ ಅನುಕರಣೆ, ಅದು ಸತ್ಯದಿಂದ ದೂರ ಎಂದು ಗ್ರೀಕ್ ತತ್ವಜ್ಞಾನಿ ಪ್ಲೇಟೋ ಹೇಳಿದ್ದಾಗಿ ಓದಿದ್ದೇನೆ. ನಮ್ಮೂರ ಜಾತ್ರೆಯ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಸತ್ಯಭಾಮೆಯಾಗಿ ನಿಂತವರು ನಮ್ಮ ಓಣಿಯ ಗಂಡಸೇ ಎಂದು ಗೊತ್ತಿದ್ದರೂ ಆಕೆಯ ಸಂಕಟಕ್ಕೆ ಕಣ್ಣು ತುಂಬುತ್ತದೆ. ಬರೀ ಅನುಕರಣೆಗೆ ಇಷ್ಟು ಶಕ್ತಿ ಎಲ್ಲಿಂದ ಬಂತು?
– ಓದುಗರೊಬ್ಬರು, ಮುಧೋಳ (ಬಾಗಲಕೋಟೆ ಜಿಲ್ಲೆ)

ಉತ್ತರ: ‘ರಿಪಬ್ಲಿಕ್’ ಗ್ರಂಥದ 10ನೇ ಭಾಗದಲ್ಲಿ ಪ್ಲೇಟೋ ಸಾಕ್ರೆಟಿಸನ ಬಾಯಿಂದ ಮಂಚದ ಉದಾಹರಣೆಯನ್ನು ಹೇಳಿಸುತ್ತಾನೆ. ದೇವರು ನಿರ್ಮಿಸಿದ ಮಂಚದ ಮೂಲರೂಪ ಒಂದೇ. ಅದನ್ನು ನೋಡಿ ಬಡಿಗ ಮಾಡುವುದು ಎರಡನೆಯದು. ಬಡಿಗನ ಮಂಚ ಒಂದು ಮಗ್ಗುಲಿನಿಂದ ಹೇಗೆ ಕಾಣುವುದೋ ಅಷ್ಟನ್ನೇ ಬರೆಯುವ ಚಿತ್ರಕಾರನದು ಮೂರನೆಯದು. ಈ ಮಾತೇ ಹೆಚ್ಚು ಪ್ರಸಿದ್ಧವಾಗಿದೆ. ನಿಮ್ಮ ಪ್ರಶ್ನೆಗೆ ಹತ್ತಿರವಾದ, ನನ್ನ ದೃಷ್ಟಿಯಲ್ಲಿ ಇನ್ನೂ ಗಟ್ಟಿಯಾದ ಮಾತು ಅದೇ ಭಾಗದಲ್ಲಿ ಮುಂದೆ ಬರುತ್ತದೆ. ಸ್ವಂತ ದುಃಖವನ್ನು ನುಂಗಿಕೊಂಡಿರುವುದೇ ದೊಡ್ಡಸ್ತಿಕೆಯೆಂದು ತಿಳಿಯುವ ನಾವು, ಗ್ರೀಕ್ ಮಹಾಕವಿ ಹೋಮರನ ವೀರನೊಬ್ಬ ಎದೆ ಬಡಿದುಕೊಂಡು ಗೋಳಾಡುವುದನ್ನು ಕೇಳಿ ಅವನೊಡನೆ ಕರಗುತ್ತೇವೆ, ಹಾಗೆ ಕರಗಿಸಿದ ಕವಿಯನ್ನು ಹೊಗಳುತ್ತೇವೆ. ಬತ್ತಿಸಬೇಕಾದ ಭಾವಗಳಿಗೆ ಕಾವ್ಯ ಹೀಗೆ ನೀರೆರೆಯುತ್ತದೆ ಎಂಬುದು ಅವನ ಆಕ್ಷೇಪ. ನಿಮ್ಮ ಕಣ್ಣೀರಿನ ಬಲ ಪ್ಲೇಟೋಗೆ ಚೆನ್ನಾಗಿಯೇ ಗೊತ್ತಿತ್ತು, ಅವನು ಅಂಜಿದ್ದೇ ಅದಕ್ಕೆ. ಆದರೂ ಬಾಗಿಲನ್ನು ಪೂರ್ತಿ ಮುಚ್ಚದೆ, ಕಾವ್ಯವು ಬಾಳಿಗೆ ಹಿತವೆಂದು ಯಾರಾದರೂ ಗದ್ಯದಲ್ಲಾದರೂ ವಾದಿಸಿ ತೋರಿಸಿದರೆ ಸಂತೋಷದಿಂದ ಬರಮಾಡಿಕೊಳ್ಳುತ್ತೇವೆ ಎನ್ನುತ್ತಾನೆ.

ಅವನ ಶಿಷ್ಯ ಅರಿಸ್ಟಾಟಲನ (ಕ್ರಿ.ಪೂ. 384–322) ಕಾವ್ಯ ಕುರಿತ ಗ್ರಂಥ ‘ಪೊಯೆಟಿಕ್ಸ್’ ಅನ್ನು ಆ ಕರೆಗೆ ಕೊಟ್ಟ ಉತ್ತರವೆಂದೇ ಓದಬಹುದು. ಅನುಕರಣೆ ಮನುಷ್ಯನಿಗೆ ಹುಟ್ಟುಗುಣ, ಮಗು ಮೊದಲ ಪಾಠಗಳನ್ನು ಕಲಿಯುವುದೇ ಅದರಿಂದ ಎಂದು ಅವನು ಆರಂಭದಲ್ಲೇ ಹೇಳುತ್ತಾನೆ. ಎದುರಿಗೆ ಕಂಡರೆ ಮುಖ ತಿರುಗಿಸುವಂಥ ಹೆಣವನ್ನೂ ಕರಾರುವಾಕ್ಕಾದ ಚಿತ್ರದಲ್ಲಿ ನಾವು ಆಸಕ್ತಿಯಿಂದ ನೋಡುತ್ತೇವೆ, ಏಕೆಂದರೆ ಗುರುತಿಸಿ ತಿಳಿಯುವುದರಲ್ಲಿಯೇ ಒಂದು ಸುಖವಿದೆ. ಇದಕ್ಕಿಂತ ಮುಖ್ಯವಾಗಿ, ದುರಂತ ನಾಟಕವು ಅನುಕರಿಸುವುದು ವ್ಯಕ್ತಿಗಳನ್ನಲ್ಲ, ಕ್ರಿಯೆಯನ್ನು ಮತ್ತು ಬದುಕನ್ನು ಎಂದು ಅವನು ಸ್ಪಷ್ಟಪಡಿಸುತ್ತಾನೆ. ನಡೆದದ್ದನ್ನು ಇತಿಹಾಸಕಾರ ಹೇಳಿದರೆ, ನಡೆಯಬಹುದಾದದ್ದನ್ನು ಕವಿ ಹೇಳುತ್ತಾನೆ. ಆದ್ದರಿಂದ ಕಾವ್ಯವೇ ಹೆಚ್ಚು ತಾತ್ವಿಕವಾದದ್ದು.

ಪಾರಿಜಾತ ದುರಂತ ನಾಟಕವಲ್ಲವಾದರೂ ಈ ಮಾತು ಅದಕ್ಕೆ ಸಲ್ಲುತ್ತದೆ. ನಿಮ್ಮ ಓಣಿಯ ಆ ಕಲಾವಿದರು ಯಾವ ಒಬ್ಬ ಹೆಂಗಸಿನ ನಕಲನ್ನೂ ಮಾಡುತ್ತಿಲ್ಲ. ಸ್ವರ್ಗದ ಹೂವು ಸವತಿ ರುಕ್ಮಿಣಿಯ ಪಾಲಾಯಿತೆಂದು ಕೇಳಿದ ಅಭಿಮಾನದ ಹೆಣ್ಣೊಬ್ಬಳು ಹೇಗೆ ಸಿಟ್ಟಾದಾಳು, ಹೇಗೆ ಕುಗ್ಗಿಯಾಳು ಎಂಬುದನ್ನು ಒಂದರ ಹಿಂದೊಂದು ಸಹಜವಾಗಿ ಕಾಣಿಸುತ್ತಾರೆ. ವೇಷದ ಹಿಂದೆ ಯಾರಿದ್ದಾರೆ ಎಂಬ ನಿಮ್ಮ ತಿಳಿವಳಿಕೆ ಅದಕ್ಕೆ ಅಡ್ಡಬರುವುದಿಲ್ಲ.