ಮಾತ್ರೆ ನುಂಗಿಸುವುದೂ ಮೇಷ್ಟ್ರ ಕೆಲಸವೇ?

ಅರಸೀಕೆರೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ: ‘ಮುಖ್ಯ ಶಿಕ್ಷಕರಿಗೆ ನಾಯಕತ್ವ ತರಬೇತಿ ಅಂತೆ. ಮಕ್ಕಳ ಪಾಠದ ಜೊತೆ ಊರಿನ ಆರೋಗ್ಯವನ್ನೂ ಅವರ ತಲೆಗೆ ಕಟ್ಟುತ್ತಿದ್ದಾರೆ. ಹಾಗಾದರೆ ಆಸ್ಪತ್ರೆ ಇರುವುದು ಯಾಕೆ?’

ಸಂಪಾದಕರ ಉತ್ತರ: ಮೇಷ್ಟ್ರೇ, ಹೊರೆ ಜಾಸ್ತಿಯಾಗಿದೆ, ಒಪ್ಪಿದೆ. ಆದರೆ ಆಸ್ಪತ್ರೆಯ ಮಾತಿಗೆ ನಿಮ್ಮ ಜೊತೆ ನನ್ನದೊಂದು ಜಗಳ ಇದೆ.

ಮಲೆನಾಡಿನ ಹಳ್ಳಿಯಲ್ಲಿ ಡಾಕ್ಟರು ದಿನಾ ಸಿಗುವುದಿಲ್ಲ, ಹೆಡ್ ಮೇಡಂ ಸಿಗುತ್ತಾರೆ. ಕೊಪ್ಪದ ಕಡೆಯ ಒಬ್ಬರು ನನಗೆ ಗೊತ್ತು. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಗಳು ಅವರ ಶಾಲೆಯ ಹಿಂದಿನ ಚರಂಡಿಯಲ್ಲಿ ಬಿದ್ದಿರುತ್ತಿದ್ದವು. ಅವರು ಬೈಯಲಿಲ್ಲ. ಹುಡುಗಿಯರನ್ನು ಕೂರಿಸಿಕೊಂಡು ಕೇಳಿದರು. ಪ್ರಾರ್ಥನೆ ಮುಗಿದ ಕೂಡಲೇ ಮಾತ್ರೆ ಹಂಚುತ್ತಿದ್ದರಂತೆ. ಎಷ್ಟೋ ಮಕ್ಕಳು ತಿಂಡಿ ತಿನ್ನದೇ ಬಂದಿರುತ್ತಿದ್ದರು. ಬರೀ ಹೊಟ್ಟೆಗೆ ಅದನ್ನು ನುಂಗಿದರೆ ಹೊಟ್ಟೆ ತೊಳಸುತ್ತದೆ, ಅಲ್ವಾ? ಮೇಡಂ ಅದನ್ನು ಬಿಸಿಯೂಟದ ನಂತರಕ್ಕೆ ಹಾಕಿದರು. ಚರಂಡಿಗೆ ಮಾತ್ರೆ ಬೀಳುವುದು ನಿಂತಿತು.

ಮಂಗನ ಕಾಯಿಲೆಗೂ ಅವರದೇ ದಾರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನರನ್ನು ಇನ್ನೂ ಕಾಡುತ್ತಿದೆ. ಕಾಡಿಗೆ ಹೋಗುವ ಮುಂಚೆ, ಕಾಯಿಲೆ ಹರಡುವ ಉಣುಗು ಕಚ್ಚದ ಹಾಗೆ ಅದಕ್ಕೆಂದೇ ಕೊಡುವ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ. ಇದನ್ನು ಮಕ್ಕಳಿಗೆ ಕಾಪಿ ಬರೆಸಿ, ಮನೆಯಲ್ಲಿ ಗಟ್ಟಿಯಾಗಿ ಓದಿ ಸಹಿ ಹಾಕಿಸಿಕೊಂಡು ಬನ್ನಿ ಅಂದರು. ಕರಪತ್ರ ಮುಟ್ಟದ ಅಜ್ಜ ಮೊಮ್ಮಗಳ ಕಾಪಿ ಕೇಳಿಸಿಕೊಂಡ.

ಇದನ್ನು ನಾಯಕತ್ವ ಅನ್ನದೆ ಏನನ್ನಬೇಕು ಹೇಳಿ? ಕಲಿಸಲೂ ಬರುತ್ತದೆ. ಶಾಲಾ ನಾಯಕತ್ವಕ್ಕೆಂದೇ ದೆಹಲಿಯಲ್ಲಿ 2012ರಿಂದ ಒಂದು ರಾಷ್ಟ್ರೀಯ ಕೇಂದ್ರವಿದೆ. ಆದರೆ ನಮ್ಮಲ್ಲಿ ತರಬೇತಿ ಅಂದರೆ ಒಂದು ಹಾಲ್, ಗೋಡೆ ಮೇಲೆ ಪಿಪಿಟಿ, ಸಂಜೆ ಗ್ರೂಪ್ ಫೋಟೊ. (ಫೋಟೊಗೆ ಮಾತ್ರ ಯಾರೂ ತಪ್ಪಿಸಿಕೊಳ್ಳುವುದಿಲ್ಲ.) ಅದರ ಬದಲು ಎರಡು ದಿನ ಆ ಮೇಡಂ ಶಾಲೆಯಲ್ಲಿ ಸುಮ್ನೆ ಕೂರಿಸಿ ನೋಡಿ.

ನಾನು ನೋಡಿದ ಒಂದು ಶಾಲೆಯಲ್ಲಿ ಟೈಲ್ಸ್ ಹಾಕಿದ ಶೌಚಾಲಯಕ್ಕೆ ಬೀಗ. ಬೀಗದ ಕೈ ಹೆಡ್ ಮಾಸ್ಟರ್ ಕುರ್ಚಿಯ ಹಿಂದಿನ ಮೊಳೆಯಲ್ಲಿ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಬಂದಾಗ ತೆಗೆಯುತ್ತಾರೆ. ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಪಾಪ, ಆ ಹೆಡ್ ಮಾಸ್ಟರೂ ತರಬೇತಿ ಮುಗಿಸಿದವರೇ. ಸರ್ಟಿಫಿಕೇಟು ಅದೇ ಗೋಡೆಯಲ್ಲಿದೆ.

ನೀವು ಸಿಟ್ಟಾಗಬೇಕಾದ್ದು ಬೇರೆ ಕಡೆ ಇದೆ ಮೇಷ್ಟ್ರೇ. ಹೆಡ್ ಮಾಸ್ಟರ್ ಹುದ್ದೆ ಖಾಲಿ ಬಿಟ್ಟು, ಇರುವ ಟೀಚರಿಗೇ ‘ಪ್ರಭಾರ’ ಅಂತ ಅಂಟಿಸುತ್ತಾರೆ. ಅವರು ಪಾಠ ಮಾಡಬೇಕು, ಮೊಟ್ಟೆ ಎಣಿಸಬೇಕು, ಹಾಲಿನ ಪುಡಿ ಲೆಕ್ಕ ಇಡಬೇಕು, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಆನ್‌ಲೈನ್ ಎಂಟ್ರಿ ಮಾಡಬೇಕು. ಶೌಚಾಲಯ ತೊಳೆಯಲು ಆಯಾ ಇಲ್ಲ, ಅದಕ್ಕೇ ಬೀಗ. ಇದರ ಬಗ್ಗೆ ಬರೆದು ಕಳಿಸಿ, ಪೂರ್ತಿ ಪುಟ ಕೊಡುತ್ತೇನೆ.