ಮೂಳೆ ಕ್ಯಾನ್ಸರ್: ಲೋಹದ ಮಂಡಿ, ರೊಟೇಷನ್‌ಪ್ಲಾಸ್ಟಿ, ಕಾಲು ತೆಗೆಸುವುದು, ಯಾವುದು?

ನಿನಗೆ 20 ವರ್ಷ, ಎಡ ತೊಡೆಮೂಳೆಯಲ್ಲಿ ಮಂಡಿಯ ಹತ್ತಿರ ಆಸ್ಟಿಯೋಸಾರ್ಕೋಮಾ ಅನ್ನುವ ಮೂಳೆ ಕ್ಯಾನ್ಸರ್, ಕೀಮೋ ನಡೆಯುತ್ತಿದೆ, ಮೂರು ಆಪರೇಷನ್‌ಗಳಲ್ಲಿ ಒಂದನ್ನು ನೀನೇ ಆರಿಸು ಅಂದಿದ್ದಾರೆ, ಯಾವುದು ಒಳ್ಳೆಯದು ಅಂತ ಕೇಳಿದ್ದೀಯ. ತಮ್ಮಾ ಅಂತಲೇ ಕರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ನನಗೀಗ 33, ತೀರ್ಥಹಳ್ಳಿ ಕಡೆಯವಳು. 22ರಲ್ಲಿ ನನಗೂ ಇದೇ ಮೂರು ದಾರಿ ತೋರಿಸಿದ್ದರು. ನಾನು ರೊಟೇಷನ್‌ಪ್ಲಾಸ್ಟಿ, ಅಂದರೆ ಕೆಳಗಿನ ಕಾಲನ್ನು ತಿರುಗಿಸಿ ಜೋಡಿಸುವ ಆಪರೇಷನ್, ಮಾಡಿಸಿಕೊಂಡೆ.

ಕಾಲು ತೆಗೆಸಿಬಿಟ್ಟರೆ ರೋಗ ಬೇರು ಸಮೇತ ಹೋಗುತ್ತದೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಿನ್ನ ಮನೆಯಲ್ಲೂ ಹೇಳಿರುತ್ತಾರೆ, ಅಲ್ವಾ? ಹಾಗಿಲ್ಲ. ಗೆಡ್ಡೆಯನ್ನು ಸುತ್ತಲಿನ ಒಳ್ಳೆ ಭಾಗದ ಸಮೇತ ಪೂರ್ತಿ ತೆಗೆಯಲು ಆಗುವುದಾದರೆ, ಮೂರರಲ್ಲಿ ಯಾವುದನ್ನು ಮಾಡಿಸಿದರೂ ಬದುಕಿ ಉಳಿಯುವ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಕೆನಡಾದ ಟೆರ್ರಿ ಫಾಕ್ಸ್ ಅನ್ನುವ ಹುಡುಗನಿಗೆ ಇದೇ ರೋಗಕ್ಕೆ 1977ರಲ್ಲಿ, 18ನೇ ವಯಸ್ಸಿಗೆ, ಮಂಡಿ ಮೇಲಿಂದ ಕಾಲು ತೆಗೆದರು. ಕೃತಕ ಕಾಲಲ್ಲೇ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು, 1980ರಲ್ಲಿ 143 ದಿನ, 5,000 ಕಿಲೋಮೀಟರಿಗೂ ಜಾಸ್ತಿ ಓಡಿದ. ಆದರೂ ರೋಗ ಶ್ವಾಸಕೋಶಕ್ಕೆ ಹೋಗಿತ್ತು, 1981ರಲ್ಲಿ ತೀರಿಕೊಂಡ. ಹೆದರಿಸಲು ಹೇಳುತ್ತಿಲ್ಲ. ಕಣ್ಣಿಗೆ ಕಾಣದ ಹಾಗೆ ಮೈಯಲ್ಲಿ ಹರಡಿರುವುದನ್ನು ನೋಡಿಕೊಳ್ಳುವುದು ಕೀಮೋನೇ, ಅದನ್ನು ಒಂದು ಸಲವೂ ನೀನಾಗಿ ತಪ್ಪಿಸಬೇಡ. ನನ್ನ ಮಂಡಿ ಊದಿದಾಗ ಉಳುಕು ಅಂತ ಹೇಳಿ ಆರು ವಾರ ಎಣ್ಣೆ ಹಾಕಿ ತಿಕ್ಕಿದರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗೆಡ್ಡೆ ಇರುವ ಮೂಳೆ ತೆಗೆಸಿ ಆ ಜಾಗಕ್ಕೆ ಲೋಹದ ಮಂಡಿ ಹಾಕಿಸಿಕೊಂಡರೆ ಕಾಲು ನೋಡಲು ಕಾಲಿನ ಹಾಗೇ ಇರುತ್ತದೆ, ಬೇಗ ಎದ್ದು ನಡೆಯುತ್ತೀಯ. ಆದರೆ ಓಡಬೇಡ, ಹಾರಬೇಡ, ಕುಕ್ಕರಗಾಲಲ್ಲಿ ಕೂರಬೇಡ ಅನ್ನುತ್ತಾರೆ. ಸೋಂಕಿನ ಭಯ ಇದ್ದೇ ಇರುತ್ತದೆ. ಜೊತೆಗೆ ಲೋಹ ಸವೆಯುತ್ತದೆ, ಸಡಿಲವಾಗುತ್ತದೆ, 20ರಲ್ಲಿ ಹಾಕಿಸಿಕೊಂಡವರಿಗೆ ಮುಂದೆ ಮತ್ತೆ ಆಪರೇಷನ್ ಬರುವುದೇ ಜಾಸ್ತಿ. ವಾರ್ಡಿನಲ್ಲಿ ನನ್ನ ಪಕ್ಕದ ಮಂಚದವಳು ಅದನ್ನೇ ಮಾಡಿಸಿಕೊಂಡಳು, ಎಂಟನೇ ವರ್ಷಕ್ಕೆ ಇನ್ನೊಂದು ಆಪರೇಷನ್ ಆಯಿತು, ಆದರೂ ಮತ್ತೆ ಕೇಳಿದರೂ ಅದನ್ನೇ ಆರಿಸುತ್ತೇನೆ ಅನ್ನುತ್ತಾಳೆ. ಶಿವಮೊಗ್ಗದಲ್ಲಿ ಕುರ್ಚಿ ಮೇಲೆ ಕೂತು ಮಾಡುವ ಕೆಲಸ ಅವಳದು. ಅವಳಿಗೆ ಅದೇ ಸರಿ.

ನಮ್ಮದು ತೋಟದ ಮನೆ. ಅಂಗಳದಿಂದ ತೋಟಕ್ಕೆ ಜಂಬಿಟ್ಟಿಗೆಯ ಮೆಟ್ಟಿಲು, ಕೆಳಗೆ ಹಳ್ಳ, ಅದರ ಮೇಲೆ ಅಡಿಕೆ ಮರದ ಸಂಕ, ಮಳೆಗಾಲ ಪೂರ್ತಿ ಎಲ್ಲದರ ಮೇಲೂ ಪಾಚಿ. ಅಲ್ಲಿ ಇಳಿದು ಕೆಲಸ ಮಾಡಬೇಕು ಅಂತ ಡಾಕ್ಟರಿಗೆ ಹೇಳಿದೆ. ಆಗ ಅವರು ರೊಟೇಷನ್‌ಪ್ಲಾಸ್ಟಿ ಅಂದರೆ ಏನು ಅಂತ ಪೇಪರ್ ಮೇಲೆ ಬರೆದು ತೋರಿಸಿದರು. ಗೆಡ್ಡೆ ಇರುವ ಮೂಳೆಯನ್ನು ಮಂಡಿ ಸಮೇತ ತೆಗೆದು, ಕೆಳಗಿನ ಕಾಲನ್ನು ಹಿಂದೆಮುಂದೆ ತಿರುಗಿಸಿ ಉಳಿದ ತೊಡೆಮೂಳೆಗೆ ಜೋಡಿಸುತ್ತಾರೆ. ಪಾದದ ಗಂಟು ಮಂಡಿಯ ಜಾಗಕ್ಕೆ ಬಂದು ಮಂಡಿಯ ಕೆಲಸ ಮಾಡುತ್ತದೆ, ಆ ಪಾದಕ್ಕೆ ಕೃತಕ ಕಾಲು ಹಾಕಿಕೊಂಡು ನಡೆಯುವುದು. ನರ ಕತ್ತರಿಸುವುದಿಲ್ಲ, ಹಾಗಾಗಿ ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದೆ. ಮೂಳೆ ಕೂಡಿಕೊಂಡ ಮೇಲೆ ಅದು ನಮ್ಮದೇ ಕೀಲು.

ನೋಡಲು ವಿಚಿತ್ರ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಹಿಮ್ಮಡಿ ಮುಂದಿದೆ, ಬೆರಳು ಹಿಂದಿದೆ. ಅಮ್ಮ ನಾಲ್ಕು ತಿಂಗಳು ಆ ಕಡೆ ನೋಡಲಿಲ್ಲ. ಇವಳನ್ನು ಯಾರು ಮದುವೆ ಆಗುತ್ತಾರೆ ಅಂತ ಚಿಕ್ಕಮ್ಮ ನನ್ನೆದುರೇ ಅತ್ತರು. ಆಮೇಲೆ ಒಂದು ದಿನ ಬಚ್ಚಲಲ್ಲಿ ಅಮ್ಮ ತಾನೇ ಬಿಸಿನೀರು ತೋಡಿ ಆ ಪಾದ ತೊಳೆದಳು, ಏನೂ ಮಾತಾಡಲಿಲ್ಲ. ಈಗ ಭಾನುವಾರ ಜಗಲಿಯಲ್ಲಿ ಅಕ್ಕನ ಮಗಳು ನನ್ನ ಹಿಂದೆ ಕೂತು ಆ ಬೆರಳುಗಳ ಉಗುರು ತೆಗೆದುಕೊಡುತ್ತಾಳೆ, ಅವಳಿಗೆ ಚಿಕ್ಕಿಯ ಕಾಲು ಅಂದರೆ ಹೀಗೇ. ಆದರೆ ಕನ್ನಡಿಯಲ್ಲಿ ಅದನ್ನು ನೋಡಲು ನಿನ್ನಿಂದ ಆಗಲ್ಲ ಅನ್ನಿಸಿದರೆ, ಯಾರು ಎಷ್ಟೇ ಹೇಳಲಿ, ಒಪ್ಪಬೇಡ. ಮಳೆಗಾಲದಲ್ಲಿ ಕೃತಕ ಕಾಲಿನೊಳಗೆ ಬೆವರಿ ಚರ್ಮ ಹುಣ್ಣಾಗುತ್ತದೆ. ಕೆಲವು ವರ್ಷಕ್ಕೊಮ್ಮೆ ಆ ಕಾಲನ್ನೇ ಬದಲಾಯಿಸಬೇಕು, ಅದಕ್ಕೆ ನಾನು ಬೆಂಗಳೂರಿಗೇ ಹೋಗುತ್ತೇನೆ, ಖರ್ಚೂ ಇದೆ.

ಗೆಡ್ಡೆ ದೊಡ್ಡ ನರವನ್ನೇ ಹಿಡಿದಿದ್ದರೆ ಕಾಲು ತೆಗೆಸುವುದೇ ಸರಿಯಾದ ದಾರಿ ಆಗಬಹುದು. ಹಾಗಾಗಿ ನರಕ್ಕೆ, ರಕ್ತನಾಳಕ್ಕೆ ತಗುಲಿದೆಯಾ ಅಂತ ಮೊದಲು ಕೇಳು. ನೀನು ಆರಿಸುವ ಆಪರೇಷನ್ ಎಷ್ಟು ಜನಕ್ಕೆ ಮಾಡಿದ್ದೀರಿ ಅಂತಲೂ ಕೇಳು, ಸಂಕೋಚ ಬೇಡ. ಅನುಮಾನ ಇದ್ದರೆ ಸ್ಕ್ಯಾನ್ ಮತ್ತು ಬಯಾಪ್ಸಿ ಸ್ಲೈಡ್ ತೆಗೆದುಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಗೋ ಹೋಗಿ ಇನ್ನೊಬ್ಬರ ಅಭಿಪ್ರಾಯ ಕೇಳು. ಆದರೆ ಅದನ್ನು ಕೀಮೋ ನಡೆಯುವ ಈ ವಾರಗಳಲ್ಲೇ ಮುಗಿಸು, ಆಪರೇಷನ್ ತಾರೀಖು ಮುಂದೆ ಹೋಗಬಾರದು.

ನೀನು ದಿನಾ ಏನು ಕೆಲಸ ಮಾಡುತ್ತೀಯ, ಎಲ್ಲಿ ನಡೆಯುತ್ತೀಯ ಅಂತ ಬರೆದಿಲ್ಲ. ಅದನ್ನು ಬರಿ. ನನ್ನ ಕಾಲು ಹತ್ತಿರದಿಂದ ನೋಡಬೇಕು ಅನ್ನಿಸಿದರೆ ಬಾ, ತೋರಿಸುತ್ತೇನೆ, ಕೃತಕ ಕಾಲು ಹಾಕಿಕೊಂಡು ಮೆಟ್ಟಿಲು ಇಳಿದೂ ತೋರಿಸುತ್ತೇನೆ. ಬರುವಾಗ ಅಮ್ಮನನ್ನೂ ಕರೆದುಕೊಂಡು ಬಾ.