ಅಂಗಳದ ಕಾರಂಜಿಗೆ ಬಿಸಿಲಿನ ಬಲ

ಪ್ರಶ್ನೆ: ಮಲ್ಪೆಯ ಕಡಲ ಬದಿಯಲ್ಲಿ ಹತ್ತು ಸೆಂಟ್ಸ್ ಜಾಗದಲ್ಲಿ ನಮ್ಮ ಮನೆಯಿದೆ. ಹೂಗಿಡಗಳ ನಡುವೆ ಹಿರಿಯರ ಕಾಲದ ಕಲ್ಲಿನ ಮರಿಗೆಯೊಂದು ಉಪಯೋಗವಿಲ್ಲದೆ ಉಳಿದಿದ್ದು, ಅದರಲ್ಲಿ ಸೋಲಾರ್ ಕಾರಂಜಿ ಇರಿಸಬೇಕೆಂಬ ಆಸೆಯಿದೆ. ಇದರಿಂದ ನಿಜವಾಗಿಯೂ ಪ್ರಯೋಜನವಿದೆಯೇ? ಸೊಳ್ಳೆ ಹೆಚ್ಚುತ್ತದೆ ಎಂದು ಮನೆಯವರಿಗೆ ಆತಂಕ.
– ಓದುಗರು, ಮಲ್ಪೆ

ಉತ್ತರ: ಅಗತ್ಯವಾಗಿ ಇರಿಸಿ. ಆದರೆ ಕರೆಂಟ್ ಬಿಲ್ ಉಳಿಯುತ್ತದೆಂಬ ಲೆಕ್ಕದಿಂದ ಬೇಡ. 5 ವ್ಯಾಟ್‌ನ ಪಂಪು ದಿನಕ್ಕೆ 6 ಗಂಟೆ ಓಡಿದರೂ ತಿಂಗಳಿಗೆ ಒಂದು ಯೂನಿಟ್ ತುಂಬುವುದಿಲ್ಲ. ನಿಜವಾದ ಲಾಭವಿರುವುದು ಸುರಕ್ಷತೆಯಲ್ಲಿ. ಅಂಗಳದ ಮುರಕಲ್ಲು ಅಗೆದು, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ 230 ವೋಲ್ಟ್‌ನ ಲೈನನ್ನು ಮಕ್ಕಳು ಕೈಯಾಡಿಸುವ ನೀರಿನವರೆಗೆ ಎಳೆಯುವುದು ಅಪಾಯವನ್ನು ಆಹ್ವಾನಿಸಿದಂತೆ. ಸೋಲಾರ್ ಪಂಪು ಸಾಮಾನ್ಯವಾಗಿ 6 ಅಥವಾ 12 ವೋಲ್ಟ್‌ನಲ್ಲಿ ಓಡುವುದರಿಂದ ಆ ಭಯವಿಲ್ಲ, ಎಲೆಕ್ಟ್ರಿಷಿಯನ್ನರಿಗೆ ಕಾಯುವ ಅಗತ್ಯವೂ ಇಲ್ಲ. ಜತೆಗೆ, ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಪಿಕಳಾರ, ಮಡಿವಾಳ ಹಕ್ಕಿಗಳು ಹರಿಯುವ ನೀರಿನ ಸದ್ದು ಕೇಳಿ ಬಂದು, ಮರಿಗೆಯ ಅಂಚಿನಲ್ಲಿ ಕುಳಿತು ರೆಕ್ಕೆ ಒದ್ದೆ ಮಾಡಿಕೊಳ್ಳುವುದನ್ನು ನೋಡುವ ಭಾಗ್ಯ ನಿಮ್ಮದಾಗುತ್ತದೆ.

ಸೊಳ್ಳೆಯ ಕುರಿತು ಮನೆಯವರ ಆತಂಕ ಸರಿಯಾದದ್ದೇ, ಅದನ್ನು ಲಘುವಾಗಿ ಕಾಣಬೇಡಿ. ಅಲುಗುವ ನೀರಿನ ಮೇಲೆ ಸೊಳ್ಳೆ ಮೊಟ್ಟೆಯಿಡಲು ಹಿಂಜರಿಯುತ್ತದೆ, ಮರಿಗಳಿಗೂ ಮೇಲ್ಮೈಗೆ ಬಂದು ಉಸಿರಾಡುವುದು ಕಷ್ಟ. ಆದರೆ ಬ್ಯಾಟರಿಯಿಲ್ಲದ ಕಾರಂಜಿ ಬಿಸಿಲಿಳಿದೊಡನೆ ನಿಲ್ಲುತ್ತದೆ. ಮಲೇರಿಯಾ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಹೆಚ್ಚಾಗಿ ರಾತ್ರಿಯಲ್ಲೇ, ಅದೂ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕಾಗುವುದರಿಂದ ವಾರಕ್ಕೊಮ್ಮೆ ಮರಿಗೆಯನ್ನು ಪೂರ್ತಿ ಬರಿದು ಮಾಡಿ, ಆ ನೀರನ್ನು ಗಿಡಗಳಿಗೆ ಸುರಿಯಿರಿ. ಬರಿದು ಮಾಡಿದರಷ್ಟೇ ಸಾಲದು: ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಕಲ್ಲಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ಒಳಬದಿಯನ್ನು ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿರಿ. ಪಾಚಿಯೂ ಅದರೊಂದಿಗೇ ಹೋಗುತ್ತದೆ.

ನೀರಿನ ಮೇಲೆ ತೇಲುವ ಮಾದರಿಗಿಂತ, ಪ್ಯಾನೆಲ್ ಪ್ರತ್ಯೇಕವಾಗಿದ್ದು ವಯರಿನಿಂದ ಜೋಡಿಸುವ ಮಾದರಿ ನಿಮಗೆ ಸೂಕ್ತ. ಆಗ ಮರಿಗೆ ನೆರಳಿನಲ್ಲಿದ್ದರೂ ಪ್ಯಾನೆಲನ್ನು ಬಿಸಿಲಿನಲ್ಲಿ, ದಕ್ಷಿಣಕ್ಕೆ ಮುಖ ಮಾಡಿ ಸುಮಾರು 13 ಡಿಗ್ರಿ ಓರೆಯಾಗಿ ನಿಲ್ಲಿಸಬಹುದು. ಒಂದೇ ಒಂದು ತೆಂಗಿನ ಮಡಲಿನ ನೆರಳು ಬಿದ್ದರೂ, ಕೋಶಗಳು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ, ಇಡೀ ಪ್ಯಾನೆಲಿನ ಶಕ್ತಿ ಕುಸಿಯುತ್ತದೆ. ಕಡಲ ಗಾಳಿಯ ಉಪ್ಪು ಅದರ ಮೇಲೆ ಕೂರದಂತೆ ಆಗಾಗ ಒದ್ದೆ ಬಟ್ಟೆಯಿಂದ ಒರೆಸಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನೇ ಬಳಸಿ.

ನೀರು ಎತ್ತರಕ್ಕೆ ಚಿಮ್ಮುವ ನಳಿಕೆ ಬೇಡವೆಂದು ನನ್ನ ಸಲಹೆ. ಮಧ್ಯಾಹ್ನದ ಕಡಲಗಾಳಿ ಆ ಹನಿಗಳನ್ನೆಲ್ಲ ಹೊರಗೆ ಹಾರಿಸುತ್ತದೆ. ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ಬೇಸಿಗೆಯ ಕೊನೆಗೆ ಮಟ್ಟ ಇಳಿಯುವಾಗ ಅದು ಸಲ್ಲದು. ಗೇಣುದ್ದದ ಬುಗ್ಗೆ ಸಾಕು. ಮೇ ಕೊನೆಯಲ್ಲಿ, ಮಳೆಗಾಲಕ್ಕೆ ಮುನ್ನ ಬರುವ ತುಳುವರ ಆಚರಣೆಯ ದಿನವಾದ ಪತ್ತನಾಜೆ ಕಳೆದ ಮೇಲೆ ಪಂಪನ್ನು ತೊಳೆದು, ಒಣಗಿಸಿ ಒಳಗಿಟ್ಟು, ಮರಿಗೆಯನ್ನು ಮುಚ್ಚಿಡಿ. ದೀಪಾವಳಿಯ ಬಳಿಕ ಮತ್ತೆ ಹೂಡಿದರಾಯಿತು.

ಪ್ರಶ್ನೆ: ನಾವು ಮನೆ ಸೇರುವುದೇ ಸಂಜೆ. ಬ್ಯಾಟರಿ ಇರುವ ಸೋಲಾರ್ ಕಾರಂಜಿ ಒಳ್ಳೆಯದೇ?
– ಓದುಗರು, ಮಂಗಳೂರು

ಉತ್ತರ: ನಿಮಗೆ ಅದೇ ಒಳ್ಳೆಯದು. ಮೋಡ ಅಡ್ಡ ಬಂದಾಗಲೂ ಅದು ನಿಲ್ಲುವುದಿಲ್ಲ, ಕತ್ತಲಾದ ಮೇಲೂ ಕೆಲವು ಗಂಟೆ ನೀರನ್ನು ಅಲುಗಿಸುತ್ತಿರುತ್ತದೆ. ಪ್ಯಾನೆಲ್ ಮಾತ್ರ ಪಂಪಿನ ಅಗತ್ಯಕ್ಕಿಂತ ದೊಡ್ಡದಿರಬೇಕು, ಇಲ್ಲವಾದರೆ ಹಗಲಿನಲ್ಲಿ ಬ್ಯಾಟರಿ ತುಂಬುವುದಿಲ್ಲ. ಬ್ಯಾಟರಿಯನ್ನು ನೆರಳಿನಲ್ಲಿಡಿ, ಬಿಸಿ ಅದರ ಆಯುಷ್ಯವನ್ನು ಕುಗ್ಗಿಸುತ್ತದೆ.